ರಾಣಿಯ ಮನೆಗೆ ಹೋಗುವ ಮುನ್ನ ಒಂದು ಸ್ನಾನ

ಸ್ನಾನ ಮಾಡದೆ ಇಂಗ್ಲೆಂಡಿನ ರಾಣಿಯ ಮನೆಗೆ ಕಾಲಿಡುವುದಿಲ್ಲ ಎಂದು ನಮ್ಮತ್ತೆ ಲಂಡನ್ನಿನ ಫುಟ್‌ಪಾತಿನ ಬೆಂಚಿನ ಮೇಲೆ ಕೂತುಬಿಟ್ಟರು. ಮಧ್ಯಾಹ್ನದ ಹೊತ್ತು. ನಮ್ಮ ಹೋಟೆಲ್ಲು ಊರಾಚೆ. ಅರಮನೆಯ ಟಿಕೆಟ್ಟಿನಲ್ಲಿ ಎಷ್ಟು ಗಂಟೆಗೆ ಒಳಗೆ ಹೋಗಬೇಕೆಂದೂ ಅಚ್ಚಾಗಿರುತ್ತದೆ, ಅದು ತಪ್ಪಿದರೆ ತಪ್ಪಿದ ಹಾಗೆಯೇ. ಮರುದಿನ ಬೆಳಗ್ಗೆ ನಮ್ಮ ವಿಮಾನ. ನನ್ನ ಜಾಗದಲ್ಲಿ ನೀವಿದ್ದಿದ್ದರೆ ಏನು ಮಾಡುತ್ತಿದ್ದಿರಿ?

ಮೊದಲಿಂದ ಹೇಳುತ್ತೇನೆ.

ಚಿಕ್ಕಬಳ್ಳಾಪುರದಲ್ಲಿ ನಮ್ಮವರದು ಗೊಬ್ಬರ ಮತ್ತು ಔಷಧಿ ಅಂಗಡಿ. (ಔಷಧಿ ನಮಗಲ್ಲ, ಗಿಡಗಳಿಗೆ.) ನಂದಿಯ ಸುತ್ತಮುತ್ತಲ ದ್ರಾಕ್ಷಿ ತೋಟಗಳ ದಯೆಯಿಂದ ಈ ವರ್ಷ ಮಾರಾಟದ ಟಾರ್ಗೆಟ್ ಮುಟ್ಟಿದರು. ಗೊಬ್ಬರದ ಕಂಪನಿಯವರು ಖುಷಿಯಾಗಿ ಅಂಗಡಿಗೆ ಇಬ್ಬರಂತೆ ಫಾರಿನ್ ಟೂರ್ ಇಟ್ಟರು. ಫೋನ್ ಬಂದ ದಿನವೇ ನಮ್ಮವರು ತೀರ್ಪು ಕೊಟ್ಟರು. ಆಗಸ್ಟಿನಲ್ಲಿ, ಮಳೆ ಬೀಳೋ ಟೈಮಲ್ಲಿ, ಅಂಗಡಿ ಬಿಟ್ಟು ಬರೋಕಾಗಲ್ಲ, ಅಮ್ಮನ್ನ ಕರ್ಕೊಂಡು ಹೋಗು ಎಂದರು. ಹೀಗೆ, ಮದುವೆಯಾಗಿ ಇಷ್ಟು ವರ್ಷದ ಮೇಲೆ ಒದಗಿ ಬಂದ ನನ್ನ ಹನಿಮೂನು ಅತ್ತೆಯ ಜೊತೆ ನಡೆಯಿತು.

ಅತ್ತೆ ಕರೆದ ಕೂಡಲೇ ಹೊರಟರು. ಅದಕ್ಕೆ ಕಾರಣ ಗೌರಿಬಿದನೂರಿನಲ್ಲಿರುವ ಅವರ ಓರಗಿತ್ತಿ ಸುಬ್ಬಕ್ಕ. ಸುಬ್ಬಕ್ಕ ಯಾವುದೋ ಕಾಲದಲ್ಲಿ ಮೈಸೂರು ಅರಮನೆ ನೋಡಿ ಬಂದವರು. ಅಂದಿನಿಂದ ಯಾವ ಮದುವೆಗೆ ಬಂದರೂ, ಯಾವ ನಾಮಕರಣಕ್ಕೆ ಬಂದರೂ, ಆ ಅರಮನೆಯನ್ನು ಜೊತೆಯಲ್ಲೇ ತರುತ್ತಾರೆ. ಅದರ ಕಂಬ, ಅದರ ದೀಪ, ಅದರ ಆನೆ. ಅತ್ತೆ ಕಡುಬು ಬಡಿಸುತ್ತಾ ಅದನ್ನು ಕೇಳಿಕೊಂಡೇ ಬಂದಿದ್ದಾರೆ. ಈಗ ಅವರಿಗೆ ರಾಣಿಯ ಅರಮನೆ ಸಿಕ್ಕಿತ್ತು. ಅದೂ ಎಂಥ ಅರಮನೆ? ಒಳಗೆ ರಾಣಿ ಇನ್ನೂ ಸಂಸಾರ ಮಾಡಿಕೊಂಡಿರುವ ಅರಮನೆ!

(ಒಂದು ವಿಷಯ ನಿಮಗೆ ಮಾತ್ರ ಹೇಳುತ್ತೇನೆ. ಬೇಸಿಗೆಯಲ್ಲಿ ರಾಣಿ ಬೇರೆ ಊರಿನ ಅರಮನೆಗೆ ಹೋಗಿಬಿಡುತ್ತಾರಂತೆ. ಆಗಲೇ ಈ ಮನೆಯನ್ನು ಜನರಿಗೆ ತೆರೆಯುವುದು. ನಾವು ಊರಿಗೆ ಹೋದರೆ ಬೀಗ ಹಾಕುತ್ತೇವೆ, ರಾಣಿ ಊರಿಗೆ ಹೋದರೆ ಟಿಕೆಟ್ ಹಾಕುತ್ತಾರೆ. ನಮ್ಮ ಟೂರ್ ಮ್ಯಾನೇಜರ್ ಮೂರ್ತಿಯವರು ಬಸ್ಸಿನಲ್ಲಿ ಇದನ್ನು ನನ್ನ ಕಿವಿಯಲ್ಲಿ ಹೇಳಿದ್ದರು. ಅತ್ತೆಗೆ ದಾಟಿಸುವ ಧೈರ್ಯ ನನಗಾಗಲಿಲ್ಲ.)

ಅಂದು ಬೆಳಗ್ಗೆ ಕೆಥೆಡ್ರಲ್, ಮಧ್ಯಾಹ್ನ ಅರಮನೆ. ನಾನು ರಾಣಿಯ ಮನೆಗೆಂದು ಇದ್ದುದರಲ್ಲಿ ಒಳ್ಳೆಯ ರೇಷ್ಮೆ ಸೀರೆ ಉಟ್ಟಿದ್ದೆ. ಕೆಥೆಡ್ರಲ್ ಬಾಗಿಲಲ್ಲಿ ಅತ್ತೆ ಚಪ್ಪಲಿ ಬಿಚ್ಚಿ, ಪ್ಲಾಸ್ಟಿಕ್ ಕವರಿಗೆ ಹಾಕಿ, ಕವರನ್ನು ಬ್ಯಾಗಿಗೆ ತುರುಕಿದರು. ದೇವಸ್ಥಾನದ ಹೊರಗೆ ಚಪ್ಪಲಿ ಬಿಟ್ಟರೆ ಏನಾಗುತ್ತದೆಂದು ಯಾರೂ ಅವರಿಗೆ ಕಲಿಸಬೇಕಾಗಿಲ್ಲ. ನಾನು ಶೂ ಬಿಚ್ಚಲಿಲ್ಲ. ಅದಕ್ಕೆ ಅತ್ತೆಯಿಂದ ಒಂದು ನೋಟ ಬಂತು.

ಒಳಗೆ ಅವರಿಗೆ ಎಲ್ಲವೂ ಹಿಡಿಸಿತು. ತಲೆ ಎತ್ತಿ ಚಾವಣಿ ನೋಡಿದರು, ಬಣ್ಣದ ಗಾಜು ನೋಡಿದರು. ಮೇಣದ ಬತ್ತಿ ಹಚ್ಚಿ, ಮನೆಮಂದಿಯನ್ನೆಲ್ಲ ಹೆಸರು ಹಿಡಿದು ನೆನೆದರು. ದೇವರು ಯಾವ ಊರಿನವನಾದರೇನು, ಕೈ ಮುಗಿಯೋದು ನಮ್ಮ ಕೆಲಸ ಎಂದರು. ಆಮೇಲೆ ಕಣ್ಣು ನೆಲದ ಮೇಲೆ ಬಿತ್ತು. ಕಲ್ಲಿನ ಮೇಲೆ ಏನೋ ಕೆತ್ತಿದ್ದಾರಲ್ಲ, ಓದು ಎಂದರು.

ಇಂಗ್ಲಿಷ್ ಎಂ.ಎ. ಮಾಡಿದ ಸೊಸೆ ಸುಮ್ಮನಿರಲು ಸಾಧ್ಯವೇ? ಗಂಟಲು ಸರಿಮಾಡಿಕೊಂಡು ಓದಿ, ಅರ್ಥವನ್ನೂ ಹೇಳಿದೆ. ಇಂಥ ಊರಿನ ದೊರೆ, ಇಂಥವರ ಮಗ, ಇಲ್ಲಿ ಮಲಗಿದ್ದಾನೆ.

ಅತ್ತೆ ಒಂದು ಕಾಲೆತ್ತಿದರು.

“ಹಂಗಂದ್ರೆ ಕೆಳಗೆ ಹೆಣ ಐತೇನೇ?”

ಪಕ್ಕದ ಕಲ್ಲಿಗೆ ಹಾರಿದರು. ಅಲ್ಲಿ ಅವನ ಹೆಂಡತಿ. ಅದರಾಚೆಯ ಕಲ್ಲಿನಲ್ಲಿ ಒಬ್ಬ ಪಾದ್ರಿ. ಗೋಡೆ ಹಿಡಿದುಕೊಳ್ಳೋಣವೆಂದರೆ ಅಲ್ಲೊಬ್ಬ ಕಲ್ಲಿನ ರಾಜ ಕೈ ಜೋಡಿಸಿಕೊಂಡು ಮಲಗಿದ್ದ. ಕುಂಟೆಬಿಲ್ಲೆ ಆಡುವ ಹುಡುಗಿಯಂತೆ ಅತ್ತೆ ಕುಪ್ಪಳಿಸುತ್ತಲೇ ಬಾಗಿಲು ಮುಟ್ಟಿದರು. ಸತ್ತು ನೂರಾರು ವರ್ಷ ಆಯಿತಲ್ಲ ಎಂದು ನಾನು ಹಿಂದೆಯೇ ಓಡಿದೆ.

“ಹೆಣಕ್ಕೆ ವಯಸ್ಸಾದ್ರೆ ಮೈಲಿಗೆ ಹೋಗ್ತದಾ? ಏಂ ಖರ್ಮಮೇ ಇದಿ!” ಎಂದರು. (ಅತ್ತೆಯ ತವರು ಚಿಂತಾಮಣಿಯಾಚೆ. ಸಿಟ್ಟು ನೆತ್ತಿಗೇರಿದಾಗ ತೆಲುಗು ಇಳಿಯುತ್ತದೆ. ಇದೆಂಥ ಕರ್ಮವೇ ಎಂದರ್ಥ.)

ಈಗ ಬೆಂಚಿಗೆ ಬಂದೆವು. ಮೂರ್ತಿಯವರು ಪುಳಿಯೋಗರೆ ಪೊಟ್ಟಣ ಹಂಚಿದರು. ಮಸಣಕ್ಕೆ ಹೋಗಿ ಬಂದವರು ತಲೆಗೆ ಸ್ನಾನ ಮಾಡದೆ ಬಾಯಿಗೆ ಅನ್ನ ಇಡುತ್ತಾರಾ ಎಂದು ಅತ್ತೆ ಅದನ್ನು ಪಕ್ಕಕ್ಕಿಟ್ಟರು. ನನ್ನ ಪೊಟ್ಟಣವನ್ನೂ ಅವರೇ ತೆಗೆದಿಟ್ಟರು. ಟಾಯ್ಲೆಟ್ಟಿನಲ್ಲಿ ಕೈಕಾಲು ತೊಳೆದು ಬರೋಣ ಎಂದೆ. ಅಲ್ಲಿ ಬಕೆಟ್ಟೂ ಇಲ್ಲ, ಚೊಂಬೂ ಇಲ್ಲ, ಆ ಮಾತು ಬೇಡ ಎಂದರು. ಹೋಗಲಿ, ಊಟ ಬೇಡ, ಅರಮನೆಗಾದರೂ ನಡೆಯಿರಿ, ಸುಬ್ಬಕ್ಕನಿಗೆ ಏನು ಹೇಳುತ್ತೀರಿ ಎಂದು ಕೊನೆಯ ಬಾಣ ಬಿಟ್ಟೆ.

ಸುಬ್ಬಕ್ಕನ ಹೆಸರು ಕೇಳಿ ಮುಖ ಸಣ್ಣಗಾಯಿತು. ಆದರೂ ಏಳಲಿಲ್ಲ.

“ಸಾವಿನ ಜಾಗದಿಂದ ನೆಟ್ಟಗೆ ಇನ್ನೊಬ್ಬರ ಮನೆಗೆ ಯಾರಾದ್ರೂ ಹೋಗ್ತಾರೇನೇ? ಅದೂ ಮುತ್ತೈದೆ ಇರೋ ಮನೆಗೆ. ಆಯಮ್ಮನ ಗಂಡನಿಗೆ ವಯಸ್ಸಾಗೈತೆ. ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ?”

ನನಗೆ ನಗು ಬಂತು. ಆಮೇಲೆ ನಗು ಹೋಯಿತು. ಬಸ್ಸಿನ ನಾವೆಲ್ಲರೂ ಸಮಾಧಿಗಳ ಮೇಲೆ ಶೂ ಟಕಟಕ ಅನ್ನಿಸಿ, ಫೋಟೋ ಹೊಡೆದು, ಚಿಪ್ಸ್ ತಿನ್ನುತ್ತಾ ಅರಮನೆಗೆ ಹೊರಟವರು. ಮನೆಯೊಡತಿಗೆ ಒಳ್ಳೆಯದಾಗಬೇಕೆಂದು ಯೋಚಿಸಿದವರು ಇವರೊಬ್ಬರೇ. ನಿಜ ಹೇಳಬೇಕೆಂದರೆ ಅತ್ತೆಯ ಮೇಲೆ ಪ್ರೀತಿ ಉಕ್ಕಿತು. ಮನೆಯೊಡತಿ ಮನೆಯಲ್ಲೇ ಇಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ಅವರು ಅರಮನೆಯನ್ನೇ ಬೇಡವೆನ್ನುತ್ತಿದ್ದರು. ನುಂಗಿಕೊಂಡೆ.

ಅತ್ತೆಯ ಕಣ್ಣು ಎದುರಿನ ಕಾರಂಜಿಯ ಮೇಲೆ ಬಿತ್ತು. ಅಷ್ಟೊಂದು ನೀರು ಸುಮ್ಮನೆ ಹರೀತೈತಲ್ಲ ಎಂದರು. ನನಗೆ ಪಕ್ಕದಲ್ಲಿ ನಿಂತಿದ್ದ ಪೊಲೀಸ್ ಕಂಡ. ಸಂಜೆಯ ಟೀವಿ ಸುದ್ದಿಯಲ್ಲಿ ಅತ್ತೆಯೂ ಕಂಡರು.

ಅಷ್ಟರಲ್ಲಿ ಮಳೆ ಬಂತು. ಎಲ್ಲರೂ ಛತ್ರಿ ಬಿಚ್ಚಿದರು. ಅತ್ತೆ ಎದ್ದು, ತುರುಬು ಬಿಚ್ಚಿ, ಬಟಾಬಯಲಲ್ಲಿ ಕಣ್ಣು ಮುಚ್ಚಿ ನಿಂತರು. ತುಟಿಗಳು ಗಂಗೆ, ಯಮುನೆ ಎಂದು ಗುನುಗುತ್ತಿದ್ದವು. (ಥೇಮ್ಸ್ ಹೆಸರು ಅವರಿಗೆ ಗೊತ್ತಿರಲಿಲ್ಲ, ಪಾಪ, ಅದೇ ಹತ್ತಿರ ಇತ್ತು.) ನೀನೂ ಬಾ ಎಂದು ನನ್ನನ್ನೂ ಕರೆದರು. ರೇಷ್ಮೆ ಸೀರೆಯ ಮೇಲೆ ಆಸೆ ಬಿಟ್ಟು ನಾನೂ ಹೋದೆ. ಪುಳಿಯೋಗರೆಯ ಮೇಲಿನ ಆಸೆ ಇನ್ನೂ ಇತ್ತಲ್ಲ.

ದಾರಿಯಲ್ಲಿ ಹೋಗುತ್ತಿದ್ದ ಬಿಳಿಗೂದಲಿನ ಇಂಗ್ಲಿಷ್ ಹೆಂಗಸೊಬ್ಬಳು ಮರುಕಪಟ್ಟು ತನ್ನ ಛತ್ರಿಯನ್ನು ಅತ್ತೆಯ ತಲೆಯ ಮೇಲೆ ಹಿಡಿದಳು. ಅತ್ತೆ ಆಚೆ ಸರಿದರು. ಛತ್ರಿಯೂ ಆಚೆ ಸರಿಯಿತು. ಈಚೆ ಬಂದರೆ ಅದೂ ಈಚೆ ಬಂತು.

“ಸ್ನಾನ ಮಾಡೋವಾಗ ಅಡ್ಡ ಬರಬಾರದು ಅಂತ ಆಯಮ್ಮನಿಗೆ ಹೇಳೇ.”

ಎಂ.ಎ. ಮಾಡಿದ್ದು ಇಂಥ ಹೊತ್ತಿಗೇ ತಾನೆ? ನಮ್ಮತ್ತೆ ಸ್ನಾನ ಮಾಡುತ್ತಿದ್ದಾರೆ ಎಂದು ಶುದ್ಧ ಇಂಗ್ಲಿಷಿನಲ್ಲಿ ತಿಳಿಸಿದೆ. ಆಕೆ ಸಾರಿ ಎಂದು, ಛತ್ರಿ ಹಿಂತೆಗೆದು, ತಿರುಗಿ ನೋಡದೆ ಹೋದಳು. ಬಾತ್‌ರೂಮಿನ ಬಾಗಿಲು ತಪ್ಪಾಗಿ ತೆರೆದವರ ಹಾಗೆ.

ತಲೆ ಒರೆಸಿಕೊಂಡು, ಪುಳಿಯೋಗರೆ ತಿಂದು, ಸರಿಯಾದ ಹೊತ್ತಿಗೆ ಅರಮನೆ ಸೇರಿದೆವು. ಕಾವಲಿನವನು ನಮ್ಮನ್ನು ಮೇಲಿಂದ ಕೆಳಗೆ ನೋಡಿದ. ಮಳೆ ಎಂದೆ. ಆ ದೇಶದಲ್ಲಿ ಅದಕ್ಕಿಂತ ಹೆಚ್ಚಿನ ವಿವರಣೆ ಬೇಕಿಲ್ಲ. ಅತ್ತೆ ಚಿನ್ನದ ಬಾಗಿಲು, ಕೆಂಪು ರತ್ನಗಂಬಳಿ, ಸಿಂಹಾಸನ ಎಲ್ಲವನ್ನೂ ಮನಸ್ಸಿನಲ್ಲಿ ಗಂಟು ಕಟ್ಟಿಕೊಂಡರು. ಆದರೆ ಪ್ರತಿ ಬಾಗಿಲು ದಾಟುವಾಗಲೂ ಸೆರಗು ಸರಿಮಾಡಿಕೊಂಡು ಅತ್ತಿತ್ತ ನೋಡುತ್ತಿದ್ದರು. ಕೊನೆಗೆ ಹಿತ್ತಲ ತೋಟಕ್ಕೆ ಬಂದಾಗ, ರಾಣಿ ಎಲ್ಲಿ ಎಂದು ಕೇಳಿಯೇಬಿಟ್ಟರು.

ಹೇಳಿದೆ.

“ಮನೇಲಿ ಇಲ್ದಿರೋರಿಗೋಸ್ಕರ ಮಳೇಲಿ ನಿಂತ್ಕೊಂಡ್ನೇನೇ ನಾನು?” ಎಂದು ಒಂದು ಸಲ ಸೀನಿದರು. ಬೆಂಗಳೂರಲ್ಲಿ ಇಳಿಯುವವರೆಗೆ ನನ್ನ ಜೊತೆ ಮಾತಿಲ್ಲ, ಕತೆಯಿಲ್ಲ.

ಹೋದ ವಾರ ಸುಬ್ಬಕ್ಕ ಬಂದಿದ್ದರು. ಕಾಫಿ ಲೋಟ ಕೆಳಗಿಡುವ ಮುಂಚೆಯೇ, ರಾಣಿ ಸಿಕ್ಕಿದಳಾ ಎಂದರು. ಅತ್ತೆ ಇಷ್ಟು ದಿನ ಕಾದಿದ್ದೆಲ್ಲ ನನ್ನಿಂದಲೇ ಮಣ್ಣುಪಾಲಾಗುತ್ತದಲ್ಲ ಎಂದು ನನಗೆ ಸಂಕಟವಾಯಿತು. ಅತ್ತೆ ಮಾತ್ರ ನಿಧಾನವಾಗಿ ಸೊಪ್ಪು ಬಿಡಿಸುತ್ತಿದ್ದರು.

“ಹೋಗಿದ್ವು ಸುಬ್ಬಕ್ಕ. ಪಾಪ, ಆಯಮ್ಮ ಊರಲ್ಲಿರಲಿಲ್ಲ. ಮನೆಯೆಲ್ಲ ನೋಡ್ಕೊಂಡು ಬಂದ್ವು. ನಾವು ಒಂದು ಸಲ ಹೋಗಿ ಬಂದಾಯ್ತು, ಇನ್ನ ಅವರೇ ಬರಬೇಕು.”

ಸುಬ್ಬಕ್ಕನ ಮೈಸೂರು ಅರಮನೆ ಅಂದು ಬ್ಯಾಗಿನಿಂದ ಹೊರಗೆ ಬರಲೇ ಇಲ್ಲ. ಅತ್ತೆ ಸೊಪ್ಪಿನ ತಟ್ಟೆಯನ್ನು ನನ್ನ ಕಡೆ ತಳ್ಳಿ, ನಕ್ಕರು.

ಆದರೆ ನಾವು ಊರಿಗೆ ಹೋಗುವಾಗ ಬೀಗ ಹಾಕುವ ಜನ. ರಾಣಿ ಒಂದು ಫೋನ್ ಮಾಡಿಕೊಂಡೇ ಬರುವುದು ಒಳ್ಳೆಯದಲ್ಲವೇ?