ಬಾಯಿ ಕೆಂಪಾಗುವಷ್ಟು ಹೊತ್ತು

ನಮ್ಮ ಬಾಯ್ಲರ್ ಮೇಸ್ತ್ರಿಯ ಎಡಗಿವಿಯ ಅಂಚಿನಲ್ಲಿ ಕಡಲೆಕಾಳಿನಷ್ಟು ದಪ್ಪದ ಒಂದು ಜಡ್ಡು ಇತ್ತು. ಮರದ ಹಿಡಿಯ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಪೈಪಿಗೆ ಊರಿ, ಹಿಡಿಯನ್ನು ಕಿವಿಗೊತ್ತಿ, ಕಣ್ಣು ಮುಚ್ಚಿ ನಿಂತು ನಿಂತು ಆದ ಜಡ್ಡು ಅದು. ಒಳಗೆ ಆವಿ ಹರಿಯುತ್ತಿದೆಯೋ, ನೀರು ನಿಂತಿದೆಯೋ ಎಂಬುದನ್ನು ಅವರು ಹಾಗೆ ಕೇಳಿಯೇ ಹೇಳುತ್ತಿದ್ದರು.

ಹಾಸನದ ಹೊರವಲಯದಲ್ಲಿ ಬಟ್ಟೆಗೆ ಬಣ್ಣ ಹಾಕುವ ಒಂದು ಕಾರ್ಖಾನೆಯಲ್ಲಿ ನಾನು ಆಗ ಎಂಜಿನಿಯರ್. ಅವರು ಅರಕಲಗೂಡು ಕಡೆಯ ಹಳ್ಳಿಯಿಂದ ಮೊದಲ ಬಸ್ಸಿಗೆ ಬರುತ್ತಿದ್ದರು. ನನಗಿಂತ ಇಪ್ಪತ್ತು ವರ್ಷ ಹಿರಿಯರಾದರೂ ನನ್ನನ್ನು ‘ಸಾ’ ಎಂದೇ ಕರೆಯುತ್ತಿದ್ದರು.

ರಜೆಯ ಮರುದಿನ ತಣ್ಣಗಾದ ಪೈಪಿಗೆ ಆವಿ ಬಿಡುವಾಗ ಅವರದೇ ಒಂದು ಕ್ರಮವಿತ್ತು. ವಾಲ್ವನ್ನು ಒಂದಿಷ್ಟೇ ತಿರುಗಿಸಿ ಎಲೆಅಡಿಕೆ ಬಾಯಿಗೆ ಹಾಕಿಕೊಳ್ಳುವರು. ಬಾಯಿ ಪೂರ್ತಿ ಕೆಂಪಾದ ಮೇಲೆಯೇ ಮುಂದಿನ ಸುತ್ತು. ಅಷ್ಟರಲ್ಲಿ ಪೈಪು ನಿಧಾನವಾಗಿ ಕಾದು, ಒಳಗಿನ ನೀರು ಹರಿದುಹೋಗುತ್ತಿತ್ತು. ಕಾರ್ಖಾನೆಯೊಳಗೆ ಎಲೆಅಡಿಕೆ ನಿಷಿದ್ಧ; ಅವರಿಗೆ ಮಾತ್ರ ಯಾರೂ ಬೇಡ ಎನ್ನುತ್ತಿರಲಿಲ್ಲ. ‘ಇನ್ನೂ ಕೆಂಪಾಗ್ನಿಲ್ವಾ ಮೇಸ್ತ್ರಿ?’ ಎಂದು ಸೂಪರ್‌ವೈಸರ್ ರೇಗಿಸಿದರೆ, ಮಾತಾಡದೆ ನಾಲಿಗೆ ಚಾಚಿ ತೋರಿಸುತ್ತಿದ್ದರು.

ಬಟ್ಟೆ ಒಣಗಿಸುವ ಡ್ರಮ್ಮುಗಳಲ್ಲಿ ಆವಿಯು ತನ್ನ ಶಾಖ ಕೊಟ್ಟು ನೀರಾಗುತ್ತದೆ. ಆ ಕುದಿನೀರನ್ನು ಬಾಯ್ಲರಿಗೆ ಹಿಂದಕ್ಕೆ ತರುವ ಪೈಪಿಗೆ ನಮ್ಮಲ್ಲಿ ‘ನೀರಿನ ಪೈಪು’ ಎಂದು ಹೆಸರು. ಹೊಸದಾಗಿ ನಾಲ್ಕು ಡ್ರಮ್ಮು ಬಂದಾಗ, ಅವುಗಳ ನೀರಿನ ಪೈಪು ಎಷ್ಟು ಇಂಚಿನದಿರಬೇಕೆಂದು ನಿರ್ಧರಿಸುವ ಕೆಲಸ ನನಗೆ ಬಂತು. ನಾನು ಹೆಸರನ್ನು ನಂಬಿದೆ. ಗಂಟೆಗೆ ಎಷ್ಟು ನೀರು ಬರುತ್ತದೆ ಎಂಬುದನ್ನಷ್ಟೇ ಹಿಡಿದು, ಒಂದೂವರೆ ಇಂಚು ಸಾಕು ಎಂದು ಬರೆದೆ.

ಮೇಸ್ತ್ರಿ ಪೈಪಿನ ಒಂದು ತುಂಡನ್ನು ಎತ್ತಿ, ಅದರೊಳಗಿಂದ ನನ್ನನ್ನು ನೋಡಿದರು.

‘ಇದು ಸಾಲ್ದು ಸಾ. ಎಸ್ರಿಗ್ ಮಾತ್ರ ನೀರಿನ್ ಪೈಪು. ಒಳ್ಗೆ ಮುಕ್ಕಾಲುಪಾಲು ಜಾಗ ಆವಿಗೇ ಬೇಕು.’

ಅವರು ಹೇಳಿದ್ದು ಸರಿ. ಡ್ರಮ್ಮಿನೊಳಗೆ ಒತ್ತಡದಲ್ಲಿದ್ದ ಕುದಿನೀರು ಒತ್ತಡ ಕಡಿಮೆಯಿರುವ ಪೈಪಿಗೆ ಬಿದ್ದ ಕೂಡಲೇ ಅದರಲ್ಲಿ ಸ್ವಲ್ಪ ಭಾಗ ಮತ್ತೆ ಆವಿಯಾಗುತ್ತದೆ. ತೂಕದಲ್ಲಿ ಅದು ಸ್ವಲ್ಪವೇ. ಆದರೆ ಪೈಪಿನ ಜಾಗವನ್ನೆಲ್ಲ ಅದೇ ತುಂಬುತ್ತದೆ. ಕಾಲೇಜಿನಲ್ಲಿ ಇದನ್ನು ಓದಿದ್ದೆ. ಆದರೂ ನನ್ನ ಲೆಕ್ಕದ ಹಾಳೆಯನ್ನು ಅವರ ಮುಂದೆ ಹಿಡಿದೆ. ಅವರು ಅದನ್ನು ಬಹಳ ಹೊತ್ತು ನೋಡಿ, ‘ನೀವು ಓದಿರೋರು’ ಎಂದು ಹಿಂದಿರುಗಿಸಿದರು. ಆ ಮಾತಿನಲ್ಲಿ ಕೊಂಕಿರಲಿಲ್ಲ.

ಹೊಸ ಪೈಪು ಹಾಕಿದ ಮೇಲೆ ಅವರು ಎರಡು ಸಲ ನನ್ನ ಮೇಜಿನ ಬಳಿ ಬಂದರು. ನೀರು ಹಿಂದಕ್ಕೆ ಒತ್ತಿಕೊಂಡು ಡ್ರಮ್ಮುಗಳಲ್ಲೇ ನಿಲ್ಲುತ್ತಿದೆ, ಪೈಪು ಬಡಿದುಕೊಳ್ಳುತ್ತಿದೆ ಎಂದರು. ಮುಂದಿನ ರಜೆಯಲ್ಲಿ ನೋಡೋಣ ಎಂದು ಎರಡು ಸಲವೂ ನಾನೇ ಹೇಳಿದೆ.

ಅದು ಭಾನುವಾರದ ರಜೆಯ ಮರುದಿನ, ಸೋಮವಾರ ಬೆಳಿಗ್ಗೆ. ನಾನು ಬಾಗಿಲಲ್ಲಿದ್ದೆ, ಅವರಿಂದ ಸುಮಾರು ಇಪ್ಪತ್ತು ಹೆಜ್ಜೆ ದೂರ. ಅವರು ವಾಲ್ವ್ ತೆರೆದು ಬಂದು, ಹೊಸ ಡ್ರಮ್ಮುಗಳ ಬಳಿ ಪೈಪಿನ ಜೋಡಣೆಗೆ ಸ್ಕ್ರೂಡ್ರೈವರ್ ಊರಿ ಕೇಳುತ್ತಿದ್ದರು. ಸುತ್ತಿಗೆಯಲ್ಲಿ ಹೊಡೆದಂತೆ ಮೂರು ಪೆಟ್ಟು ಕೇಳಿಸಿತು. ನಿಂತಿದ್ದ ನೀರನ್ನು ಆವಿ ನೂಕಿಕೊಂಡು ಬಂದು ಪೈಪಿನ ತಿರುವಿಗೆ ಅಪ್ಪಳಿಸಿತ್ತು. ಮೂರನೆಯ ಪೆಟ್ಟಿಗೆ ಜೋಡಣೆ ಬಿಚ್ಚಿಕೊಂಡು, ಕುದಿನೀರು ಅವರ ಎಡಗಿವಿ, ಕತ್ತು, ತೋಳಿನ ಮೇಲೆ ಸಿಡಿಯಿತು.

ನಾನು ಓಡಿಹೋಗಿ ಎತ್ತಿಕೊಳ್ಳಲು ಬಗ್ಗಿದಾಗ ಅವರ ತುಟಿಯಿಂದ ಗದ್ದಕ್ಕೆ, ಅಲ್ಲಿಂದ ಅಂಗಿಗೆ ಕೆಂಪು ಇಳಿದಿತ್ತು. ರಕ್ತವೆಂದು ಹೆದರಿ ನನ್ನ ಕೈಯಿಂದಲೇ ಒರೆಸಿದೆ. ಎಲೆಅಡಿಕೆ. ಬಾಯಿ ಪೂರ್ತಿ ಕೆಂಪಾಗಿತ್ತು. ಅವರು ಅವಸರ ಮಾಡಿಲ್ಲ, ಕಾದಿದ್ದಾರೆ ಎಂದು ನನಗೆ ಆ ಕ್ಷಣದಲ್ಲೇ ಗೊತ್ತಾಯಿತು.

ತಣ್ಣಗಿದ್ದ ಪೈಪಿಗೆ ಒಮ್ಮೆಲೇ ಆವಿ ಬಿಟ್ಟದ್ದು ಕಾರಣ ಎಂದು ಮ್ಯಾನೇಜರ್ ವರದಿ ಬರೆಸಿದರು. ನಾನು ಎರಡು ಸಲ ಓದಿ, ಕೆಳಗೆ ಸಾಕ್ಷಿಯಾಗಿ ಸಹಿ ಹಾಕಿದೆ. ಪೈಪಿನ ಅಳತೆಯನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ ಎಂದು ಬಹಳ ಕಾಲ ನಂಬಿಕೊಂಡಿದ್ದೆ. ಈಗ ಆ ನಂಬಿಕೆ ಇಲ್ಲ.

ಅವರಿಗೆ ಆ ಎಡಗಿವಿ ಕೇಳದಾಯಿತು, ಕೆಲಸಕ್ಕೆ ಮರಳಲಿಲ್ಲ. ನಾನು ಅವರ ಊರಿಗೆ ಹೋದಾಗ ಜಗಲಿಯಲ್ಲಿ ಬಲಗಿವಿಯನ್ನು ನನ್ನ ಕಡೆ ಮಾಡಿ ಕೂತರು. ಮೊದಲು ಕೇಳಿದ್ದು ಪೈಪಿನ ಬಗ್ಗೆ.

‘ಬದ್ಲಾಯ್ಸುದ್ರಾ ಸಾ?’

ಮೂರು ಇಂಚಿನದು ಹಾಕಿದ್ದೇವೆ, ಈಗ ಸದ್ದಿಲ್ಲ ಎಂದೆ.

‘ಅಂಗಾರೆ ಸರಿ ಓಯ್ತು.’ ಆಮೇಲೆ, ‘ನಾನು ಬಿರ್ರನೆ ತೆಗ್ದೆ ಅಂತ ಬರ್ದವ್ರಂತೆ. ನನ್ ಬಾಯಿ ನೀವು ನೋಡಿದ್ರಲ್ಲಾ ಸಾ’ ಎಂದರು.

ನಾನು ಹೊಸ ಪೈಪಿನ ಮಾತಿಗೇ ಮರಳಿದೆ. ಅವರು ಮತ್ತೆ ಕೇಳಲಿಲ್ಲ. ಮಜ್ಜಿಗೆ ತರಿಸಿ ಕೊಟ್ಟರು.

ಕಾರ್ಖಾನೆಯಲ್ಲಿ ಹೊಸಬರು ಬಾಯ್ಲರಿಗೆ ಸೇರಿದಾಗಲೆಲ್ಲ, ‘ಮೇಸ್ತ್ರಿ ತರ ಬಿರ್ರನೆ ತೆಗೀಬ್ಯಾಡ್ರಪ್ಪಾ’ ಎಂದು ಎಚ್ಚರಿಸುವುದು ರೂಢಿಯಾಯಿತು. ಅವರಷ್ಟು ನಿಧಾನಿ ಅಲ್ಲಿ ಯಾರೂ ಇರಲಿಲ್ಲ. ಅವಸರಕ್ಕೆ ಅವರೇ ಉದಾಹರಣೆಯಾದರು. ಆ ಮಾತು ನನ್ನ ಎದುರಿಗೇ ಎಷ್ಟೋ ಸಲ ಬಂತು. ಒಂದು ಸಲವೂ ನಾನು ತಿದ್ದಲಿಲ್ಲ.

ಕಳೆದ ವರ್ಷ ಅವರು ತೀರಿಕೊಂಡರು. ಹನ್ನೊಂದನೆಯ ದಿನದ ತಿಥಿಗೆ ಕಾರ್ಖಾನೆಯ ಹಳಬರೆಲ್ಲ ಬಂದಿದ್ದರು. ಊಟದ ಪಂಕ್ತಿಯಲ್ಲಿ, ಮೊದಲು ರೇಗಿಸುತ್ತಿದ್ದ ಆ ಸೂಪರ್‌ವೈಸರೇ, ‘ಅವತ್ತೊಂದಿನ ಅವಸರ ಮಾಡ್ಕಂಬುಟ್ಟ, ಪಾಪ’ ಎಂದರು. ಬಡಿಸುತ್ತಿದ್ದ ಮೇಸ್ತ್ರಿಯ ಹೆಂಡತಿಗೆ ಅದು ಕೇಳಿಸಿತು. ಅವರು ಪಾತ್ರೆ ಕೆಳಗಿಟ್ಟು ಒಳಗೆ ಹೋದರು.

ನಾನು ಎಲೆ ಬಿಟ್ಟೆದ್ದು ಅಡುಗೆಮನೆಯ ಬಾಗಿಲಿಗೆ ಹೋದೆ. ಅವರು ಅವಸರ ಮಾಡಿರಲಿಲ್ಲ ಅಮ್ಮ, ಪೈಪಿನ ಅಳತೆ ತಪ್ಪಾಗಿ ಬರೆದವನು ನಾನು ಎಂದೆ.

‘ಗೊತ್ತು ಕಣಪ್ಪಾ. ಅವತ್ತಿನ ಅಂಗಿ ಒಗ್ದೋಳು ನಾನಲ್ವಾ? ಎಲಡ್ಕೆ ಕರೆ ಎಷ್ಟು ಉಜ್ಜುದ್ರೂ ಓಗ್ನಿಲ್ಲ.’ ಅವರು ಸೆರಗಿನಿಂದ ಮುಖ ಒರೆಸಿಕೊಂಡು ಪಂಕ್ತಿಯ ಕಡೆ ಕೈ ತೋರಿಸಿದರು. ‘ನಂಗ್ಯಾಕೆ ಯೋಳ್ತೀರಿ? ಅಲ್ಲೋಗಿ ಯೋಳಿ.’

ಹೋದೆ. ಪಂಕ್ತಿಯ ಮುಂದೆ ನಿಂತು, ಒಂದೂವರೆ ಇಂಚು ಎಂದು ಬರೆದವನು ನಾನು, ಅವತ್ತು ಅವರ ಬಾಯಿ ಕೆಂಪಾಗಿತ್ತು ಎಂದೆ. ‘ಇನ್ನೊಂದ್ಸಲ ಯೋಳಿ ಸಾ, ಕೇಳುಸ್ನಿಲ್ಲ’ ಎಂದು ಯಾರೋ ಅಂದರು.

ಇನ್ನೊಂದು ಸಲ ಹೇಳಿದೆ. ಎಲ್ಲರೆದುರು ಹೇಳಿದ್ದು ಆ ಎರಡೇ ಸಲ; ಬರೆಯುತ್ತಿರುವ ಇದು ಮೂರನೆಯ ಸಲ.