ಬಲದಿಂದ ಓದಿದ ಗೆರೆ

ಕೊಪ್ಪಳದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ದೊಡ್ಡಬಸಪ್ಪ ಮಾಸ್ತರು ಆಗಲೇ ಧೋತರದ ಚುಂಗು ಸೊಂಟಕ್ಕೆ ಸಿಗಿಸಿ, ಮನೆಯ ಮುಂದಿನ ಸಾರಿಸಿದ ಅಂಗಳದಲ್ಲಿ ಸುಣ್ಣದ ಪುಡಿಯಿಂದ ಚೌಕುಳಿ ಎಳೆಯುತ್ತಿದ್ದಾರೆ. ಅದರ ಮೇಲೆ ಭಾಗ್ಯನಗರದ ನೇಕಾರರ ಮನೆಯಿಂದ ತಂದ ನೂಲಿನ ಎಳೆಯೊಂದನ್ನು ಎಡದ ಕೆಳಮೂಲೆಯಿಂದ ಬಲದ ಮೇಲ್ಮೂಲೆಗೆ ಓರೆಯಾಗಿ ಬಿಗಿಯುತ್ತಾರೆ. ಅಡ್ಡಕ್ಕೆ ಗಾಡಿ ನಡೆದ ತಾಸು, ಉದ್ದಕ್ಕೆ ಅದು ಸಾಗಿದ ದಾರಿ, ಹರದಾರಿ ಲೆಕ್ಕದಲ್ಲಿ. ಸುತ್ತ ಕುಕ್ಕರಗಾಲಲ್ಲಿ ಕೂತ ಹುಡುಗರ ಕಣ್ಣಲ್ಲಿ ಇನ್ನೂ ನಿದ್ದೆಯಿದೆ.

"ಯಂಕೋಬ, ಗೆರಿ ಏರತೈತೋ, ಇಳೀತೈತೋ?"

"ಇಳೀತೈತ್ರಿ ಮಾಸ್ತರ."

ಯಾರೂ ನಗುವುದಿಲ್ಲ. ನಕ್ಕವನಿಗೆ ಈ ಅಂಗಳದಲ್ಲಿ ಜಾಗವಿಲ್ಲ. ಮನೆಯಲ್ಲಿ ಕನ್ನಡ, ನಿಜಾಮರ ಸರಕಾರಿ ಶಾಲೆಯಲ್ಲಿ ಎಲ್ಲವೂ ಉರ್ದು. ವರ್ಷಗಟ್ಟಲೆ ಬಲದಿಂದ ಎಡಕ್ಕೆ ಓದಿದ ಕಣ್ಣು ಗೆರೆಯನ್ನೂ ಬಲಗಡೆಯಿಂದಲೇ ಹಿಡಿಯುತ್ತದೆ. ಸೂತ್ರಗಳನ್ನು ಗಿಳಿಪಾಠ ಒಪ್ಪಿಸುವ ಮಹಾಜಾಣರೂ ಇಲ್ಲಿ ಮುಗ್ಗರಿಸುತ್ತಾರೆ. ಮಾಸ್ತರು ಬೈಯುವುದಿಲ್ಲ. ಯಂಕೋಬನನ್ನು ನೂಲಿನ ಬಲತುದಿಯಲ್ಲಿ ನಿಲ್ಲಿಸಿ ಎಡಕ್ಕೆ ನಡೆಸುತ್ತಾರೆ.

"ಹಿಂಗ ನಡದ್ರ ತಾಸು ಏನಾಗ್ತಾವ?"

"ಕಡಿಮಿ ಆಗ್ತಾವ್ರಿ. ದಾರೀನೂ ಕಡಿಮಿ."

"ಹಂಗಾರ ತಾಸು ಹೆಚ್ಚಾದ್ರ?"

ಯಂಕೋಬ ನಿಂತು, ತಿರುಗಿ, ಬಂದ ದಾರಿಯನ್ನೇ ನೋಡುತ್ತಾನೆ. "ದಾರೀನೂ ಹೆಚ್ಚಾಗ್ತೈತ್ರಿ! ಎತ್ತಾಗಿಂದ ನೋಡಿದ್ರೂ ಮಾತು ಒಂದ ಐತ್ರಿ!"

ಹುಡುಗರ ಮುಖ ಅರಳುವ ಈ ಗಳಿಗೆಯಲ್ಲೇ ಮಾಸ್ತರ ಮನಸ್ಸು ಮುದುಡುತ್ತದೆ. ತಳಕಲ್ಲು ಊರಿನ ಹೊಳಿಯಪ್ಪ ನೆನಪಾಗುತ್ತಾನೆ. ಕೂಲಿ ಮಾಡುವ ಪಕ್ಕೀರವ್ವನ ಒಬ್ಬನೇ ಮಗ, ಮಾಸ್ತರ ಮನೆಯಲ್ಲೇ ಉಂಡು ಓದಿದವನು. ನಾಲ್ಕು ವರ್ಷದ ಹಿಂದೆ ಪರೀಕ್ಷೆಯಲ್ಲಿ ಇಂಥದೇ ಪ್ರಶ್ನೆ ಬಂತು. "ಗೆರೆ ಇಳಿಯುತ್ತದೆ; ತಾಸು ಕಡಿಮೆಯಾದಂತೆ ದಾರಿಯೂ ಕಡಿಮೆಯಾಗುತ್ತದೆ" ಎಂದು ಅವನು ಬರೆದ. ಹೊರಗಿನಿಂದ ಬಂದ ಪರೀಕ್ಷಕರು "ಇಳಿಯುತ್ತದೆ" ಎಂಬಲ್ಲಿಗೇ ಓದು ನಿಲ್ಲಿಸಿ ಕೆಂಪು ಗೀಟು ಎಳೆದರು. ಮುಂದಿನ ಮಾತನ್ನೂ ಓದಿರೆಂದು ಮಾಸ್ತರು ಕೈಮುಗಿದರು. ಆ ಪುಣ್ಯಾತ್ಮರಿಗೆ ಪುರುಸೊತ್ತಿರಲಿಲ್ಲ. ಹುಡುಗ ಗಣಿತದಲ್ಲಿ ನಪಾಸಾದ, ಶಾಲೆ ಬಿಟ್ಟ. ಈಗ ಹೊಳೆಗೆ ಅಣೆಕಟ್ಟು ಕಟ್ಟುವಲ್ಲಿ ಕಲ್ಲು ಹೊರುತ್ತಾನೆ.

ಅವನನ್ನು ಇನ್ನೊಮ್ಮೆ ಪರೀಕ್ಷೆಗೆ ಕೂರಿಸಬೇಕೆಂದು ಮಾಸ್ತರು ರಜೆ ಸಿಕ್ಕಾಗಲೆಲ್ಲ ಅಲ್ಲಿಗೆ ಹೋಗುತ್ತಾರೆ. ಹೋದ ತಿಂಗಳೂ ಹೋಗಿದ್ದರು. "ನಿನ್ನ ಉತ್ತರ ಖರೇ ಇತ್ತೋ ತಮ್ಮಾ" ಎಂದರೆ ಹೊಳಿಯಪ್ಪ ತಲೆಯ ಮೇಲಿನ ಸಿಂಬಿ ಸರಿಪಡಿಸಿಕೊಂಡು ನಕ್ಕನಂತೆ.

"ಖರೇ ಇದ್ದಿದ್ರ ನಾ ಹೆಂಗ ನಪಾಸ ಆಗ್ತಿದ್ನಿರಿ, ಮಾಸ್ತರ?"

ಇದನ್ನು ದೊಡ್ಡಬಸಪ್ಪನವರು ಅಂಗಳಕ್ಕೆ ಬಂದವರಿಗೆಲ್ಲ ಹೇಳುತ್ತಾರೆ. ಪ್ರತಿಯೊಂದಕ್ಕೂ ಯಾಕೆ ಎಂದು ಕೇಳುತ್ತಿದ್ದ ಹುಡುಗ ಒಂದು ಗೀಟನ್ನು ಮಾತ್ರ ಯಾಕೆ ಎನ್ನದೆ ನಂಬಿಬಿಟ್ಟ. ಆ ಸಂಕಟ ಅವರನ್ನು ಒಳಗೊಳಗೇ ತಿನ್ನುತ್ತಿದೆ. "ಬಿಡ್ರಿ ಯಪ್ಪಾ, ಅವನ ಹಣೇಬರಹ" ಎಂದು ಪಕ್ಕೀರವ್ವ ಕೂಡ ಸುಮ್ಮನಾಗಿದ್ದಾಳೆ. ಮಾಸ್ತರಿಗೆ ಸುಮ್ಮನಾಗಲು ಬರುವುದಿಲ್ಲ.

"ಅವ ಪರೀಕ್ಷಾಕ್ಕ ಕೂಡ್ಲಿ, ಬಿಡ್ಲಿ" ಎನ್ನುತ್ತಾರೆ. "ಆ ಕಲ್ಲು ಕೆಳಗಿಟ್ಟು, ಒಮ್ಮೆ, ನನ್ನ ಮುಂದ ನಿಂತು 'ನಂದು ಸರಿ ಇತ್ತು' ಅನ್ಲಿ. ಅದೊಂದು ಮಾತು ಕೇಳಬೇಕ್ರಿ ನಾನು."