ಗೆರೆಯಾಚೆ ಮಲಗಿದ ರಾತ್ರಿಗಳು

ದಂಡಿನ ಗೇಟಿನ ಎದುರು ನನ್ನ ಹೊಲಿಗೆ ಅಂಗಡಿ. ಸಿಪಾಯಿಗಳು ತಮ್ಮ ಪದಕಗಳನ್ನು ಕರವಸ್ತ್ರದಲ್ಲಿ ಗಂಟುಕಟ್ಟಿ ತರುತ್ತಾರೆ. ರಿಬ್ಬನ್ ಅಳೆದು, ಮಡಚಿ, ಎದೆಯ ಮೇಲೆ ಒಂದಕ್ಕೊಂದು ತಾಗಿ ಸದ್ದಾಗದಂತೆ ಹಿಂದಿನಿಂದ ಹೊಲಿದು ಕೊಡುವುದು ನನ್ನ ಕೆಲಸ. ನಾಲ್ಕನೇ ತರಗತಿ ಓದಿದವನಿಗೆ ಇದಕ್ಕಿಂತ ಮರ್ಯಾದೆಯ ಕೆಲಸ ಸಿಗದು.

ಇಪ್ಪತ್ತಾರು ವರ್ಷದ ಹಿಂದೆ ನೆರೆದೇಶದ ಹೊಡೆದಾಟ ತಡೆಯಲು ಹೋಗಿದ್ದ ಶಾಂತಿಪಡೆಗೆ ಸರ್ಕಾರ ಈ ವರ್ಷ ಪದಕ ಕೊಡಲು ಮನಸ್ಸು ಮಾಡಿತು. ತಾಮ್ರದ ಬಣ್ಣದ ಬಿಲ್ಲೆ, ಅದರ ಮೇಲೆ ತೆರೆದ ಅಂಗೈ. ರಿಬ್ಬನ್ನಿನ ನಡುವೆ ಮಣ್ಣಿನ ಬಣ್ಣ, ಅಕ್ಕಪಕ್ಕ ಎಳೆಯಷ್ಟು ಬಿಳಿ, ಅಂಚಿಗೆ ನೀಲಿ.

"ನೀಲಿ ನೀರಿಗೇನೋ?" ಎಂದ ಅಣ್ಣ, ರಿಬ್ಬನ್ನನ್ನು ಬೆರಳಲ್ಲಿ ಉಜ್ಜುತ್ತ.

"ಆಕಾಶಕ್ಕಂತೆ. ಕಾಗದದಲ್ಲಿ ಬರೆದಿದಾರೆ."

"ಆಕಾಶವನ್ನ ಯಾರೂ ಹೊತ್ಕೊಂಡು ಹೋಗ್ಲಿಲ್ಲಪ್ಪ ಅಲ್ಲಿಗೆ."

ನೀರನ್ನು ಹೊತ್ತುಕೊಂಡು ಹೋಗಿದ್ದು ಅವನು. ಆ ಪಡೆಯ ನೀರಿನ ಟ್ಯಾಂಕರ್ ಓಡಿಸಿದವನು ನನ್ನಣ್ಣ. ಹತ್ತು ತಿಂಗಳು, ಆರುನೂರು ಜನಕ್ಕೆ. ಮಾತು ಕಮ್ಮಿ, ಕೆಲಸ ಕಟ್ಟುನಿಟ್ಟು. "ನಿಮ್ಮಣ್ಣ ಲಾರಿ ಜತೆ ಆಡಿದ ಮಾತಲ್ಲಿ ಅರ್ಧ ನನ್ನ ಜತೆ ಆಡಿದ್ರೂ ಸಾಕಿತ್ತು," ಎಂದು ಅತ್ತಿಗೆ ಇವತ್ತಿಗೂ ಚುಚ್ಚುತ್ತಾರೆ. ಹೋದ ಹೊತ್ತು, ಬಂದ ಹೊತ್ತು, ತುಂಬಿದ ನೀರು, ಎಲ್ಲವನ್ನೂ ಅವನು ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದ. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಬಟ್ಟೆಗಳ ಕೆಳಗೆ ಇಟ್ಟಿದ್ದ.

ವರ್ಷದ ಕೊನೆಗೆ ಹಳಬರ ಕವಾಯತು. ಪದಕ ಇದ್ದವರು ಸಾಲಿನಲ್ಲಿ ನಿಲ್ಲಬೇಕು, ಇಲ್ಲದವರು ಡೇರೆಯ ನೆರಳಲ್ಲಿ ಕುರ್ಚಿ ಹಾಕಿಕೊಂಡು ಕೂರಬೇಕು. ಅಣ್ಣನಿಗೆ ಸಾಲಿನಲ್ಲಿ ನಿಲ್ಲುವ ಆಸೆ. ಬಾಯಿಬಿಟ್ಟು ಅವನು ಏನನ್ನಾದರೂ ಕೇಳಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಪದಕ ಬೇಕಾದರೆ, ಪಡೆ ಕಾಯುತ್ತಿದ್ದ ಜಾಗದ ಸುತ್ತ ನಕ್ಷೆಯಲ್ಲಿ ಎಳೆದ ಗೆರೆಯೊಳಗೆ ತೊಂಬತ್ತು ರಾತ್ರಿ ಕಳೆದಿರಬೇಕು, ಅದೇ ನಿಯಮ. ಅರ್ಜಿ ತುಂಬಿಸಿ, "ಆ ಪುಸ್ತಕಾನೂ ಸೇರಿಸಣ್ಣ," ಎಂದೆ.

"ಅದ್ಯಾಕೋ? ಅರ್ಜಿ ಸಾಲ್ದಾ?"

"ನಿನಗೆ ಈ ಆಫೀಸಿನವರ ಬುದ್ಧಿ ಗೊತ್ತಿಲ್ಲ. ಪಕ್ಕಾ ಸಾಕ್ಷಿ ಅವರ ಮುಂದೆ ಬಿಸಾಕಿದ್ರೆ ಒಬ್ಬನೂ ಕೊಸರಾಡಲ್ಲ. ಸುಮ್ನೆ ಕೊಡು ಇಲ್ಲಿ."

ಕೈಯಿಂದ ಕಿತ್ತುಕೊಂಡೇ ಲಕೋಟೆಗೆ ಹಾಕಿದೆ.

ಎರಡು ತಿಂಗಳಿಗೆ ಉತ್ತರ ಬಂತು: ಅರ್ಹತೆ ಇಲ್ಲ. ರಕ್ತ ಕುದಿದು ಅಣ್ಣನನ್ನು ಕರೆದುಕೊಂಡು ಆಫೀಸಿಗೆ ಹೋದೆ. ಕನ್ನಡಕದ ಗುಮಾಸ್ತ ಅದೇ ಪುಸ್ತಕವನ್ನು ನಮ್ಮೆದುರು ಬಿಚ್ಚಿದ.

"ಬಾವಿ ಎಲ್ಲಿತ್ತು ಯಜಮಾನ್ರೇ?"

"ಗೆರೆ ದಾಟಿ ಹನ್ನೊಂದು ಕಿಲೋಮೀಟರ್ ಆಚೆ ಸಾರ್. ಒಳಗಿನ ನೀರು ಉಪ್ಪು."

"ಸಂಜೆ ಹೋಗಿದೀರಿ, ಬೆಳಿಗ್ಗೆ ಬಂದಿದೀರಿ."

"ಪಂಪು ಚಿಕ್ಕದು ಸಾರ್. ತುಂಬೋಕೆ ರಾತ್ರಿಯಿಡೀ ಬೇಕಿತ್ತು."

"ಅಂದ್ರೆ ಆಚೆ ಮಲಗಿದೀರಿ. ಒಳಗೆ ಮಲಗಿದ್ದು ನಲವತ್ತೊಂದೇ ರಾತ್ರಿ."

"ಅವನು ತಂದ ನೀರಲ್ಲಿ ಗಡ್ಡ ಕೆರೆದ ಕ್ಷೌರಿಕನಿಗೆ ಪದಕ ಬಂದಿದೆ," ಎಂದೆ. "ರಿಬ್ಬನ್ ಹೊಲಿದವನು ನಾನೇ."

"ಅವರು ಶಿಬಿರದಲ್ಲಿ ಮಲಗಿದ್ರಲ್ಲ," ಎಂದ ಗುಮಾಸ್ತ. ಒಳ್ಳೆಯ ಮನುಷ್ಯ ಅಂತಲೇ ಹೇಳಬೇಕು, ಸ್ವರ ತಗ್ಗಿಸಿದ. "ಶಿಬಿರದ ಹಾಜರಿಯಲ್ಲಿ ಇವರ ಹೆಸರು ಹತ್ತು ತಿಂಗಳೂ ಇದೆ. ನಾವು ನೋಡೋದು ಅದನ್ನೇ. ನೀವು ಈ ಪುಸ್ತಕ ಕೊಡದೇ ಇದ್ದಿದ್ರೆ ಪದಕ ಕೊಟ್ಬಿಡ್ತಿದ್ವಿ. ಬಂದ ಮೇಲೆ ಕಣ್ಮುಚ್ಕೊಂಡು ಕೂರೋಕಾಗುತ್ತಾ?"

ಪುಸ್ತಕದತ್ತ ಕೈಚಾಚಿದೆ. "ಪುಸ್ತಕ ಆದ್ರೂ ವಾಪಸ್ ಕೊಡಿ," ಎಂದೆ.

"ಕಡತಕ್ಕೆ ಸೇರಿದ್ದನ್ನ ಕೊಡೋ ಹಾಗಿಲ್ಲ."

ಮೇಜು ಗುದ್ದಿದೆ. ಏನೇನೋ ಬೈದೆ, ಇಲ್ಲಿ ಬರೆಯುವಂಥದ್ದಲ್ಲ. ಅಣ್ಣ ನನ್ನ ತೋಳು ಹಿಡಿದು, "ಬಾರೋ, ಅವರದೇನು ತಪ್ಪು," ಎಂದ.

ಹಾಗಾದರೆ ಯಾರದು ಎಂದು ಹೇಳಲಿ ಅಂತ ದಾರಿಯುದ್ದಕ್ಕೂ ಕಾದೆ. ಉಗಿದಿದ್ದರೆ ಎದೆ ಹಗುರಾಗುತ್ತಿತ್ತು.

ಬಾಗಿಲಲ್ಲೇ ಅತ್ತಿಗೆ, "ಏನಂದ್ರು?" ಎಂದರು.

"ಕುರ್ಚಿ ಕೊಡ್ತಾರಂತೆ ಕಣೆ," ಎಂದು ಅಣ್ಣ ಚಪ್ಪಲಿ ಬಿಟ್ಟ.

ಕವಾಯತಿಗೆ ಅವನು ಹೋಗಲಿಲ್ಲ. ದಿನಾ ಸಂಜೆ ನನ್ನ ಅಂಗಡಿಗೆ ಬಂದು ಕೂರುತ್ತಿದ್ದವನು, ಈಗ ಅಲ್ಲಿಗೂ ಬರುವುದಿಲ್ಲ.